ವೈದ್ಯರಿಗೂ ರೋಗಿಗೂ ನಡುವೆ: ಎರಡು ವರ್ಷದ ಕಾಲೇಜು ಶಿಕ್ಷಣವೊಂದರ ಚರಿತ್ರೆ

ಭೌತಶಾಸ್ತ್ರ ಕಲಿಸುವವನಿಗೆ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಕಾರಣ ಚಿಕ್ಕದು. ಹಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿನಿಲಯವೊಂದರ ವಾರ್ಡನ್ ಆಗಿದ್ದಾಗ ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗನೊಬ್ಬ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಕ್ರಮೇಣ ತರಗತಿಗೆ ಬರುವುದನ್ನೂ ಬಿಟ್ಟ. ರಾತ್ರಿಯೆಲ್ಲ ಅವನ ಕೋಣೆಯ ದೀಪ ಉರಿಯುತ್ತಿತ್ತು. ಜಿಲ್ಲಾ ಕೇಂದ್ರದ ಮನೋವೈದ್ಯರು ಅವನನ್ನು ನೋಡಲು ಸಾಧ್ಯವಾದದ್ದು ಮೂರು ವಾರಗಳ ನಂತರ. ಔಷಧಿಯಿಂದ ಹುಡುಗ ಚೇತರಿಸಿಕೊಂಡ, ಪರೀಕ್ಷೆಯನ್ನೂ ಪಾಸು ಮಾಡಿದ. ಆದರೆ ಆ ಮೂರು ವಾರಗಳ ಕಾಲ ಅವನ ಪಕ್ಕದಲ್ಲಿ ಕುಳಿತು, ಗದರಿಸದೆ, ಉಪದೇಶ ಮಾಡದೆ, ಎರಡು ತುತ್ತು ಉಣ್ಣಿಸಿದವನು ನಿಲಯದ ಅಡುಗೆಯವ. ಡಾಕ್ಟರೇಟ್ ಪಡೆದಿದ್ದ ನನಗೆ ಆ ಹುಡುಗನೊಡನೆ ಏನು ಮಾತನಾಡಬೇಕು, ಏನು ಮಾತನಾಡಬಾರದು ಎಂಬುದು ತಿಳಿದಿರಲಿಲ್ಲ. ಅಡುಗೆಯವನಿಗೆ ಸ್ವಭಾವತಃ ಒಂದಿಷ್ಟು ತಿಳಿದಿತ್ತು. ಆದರೆ ಹುಡುಗನ ಸ್ಥಿತಿ ಕೈಮೀರುವುದರ ಲಕ್ಷಣಗಳೇನು ಎಂಬುದು ಅವನಿಗೂ ತಿಳಿದಿರಲಿಲ್ಲ.

ಹನ್ನೆರಡು ವರ್ಷ ಓದಿದ ತಜ್ಞನಿಗೂ ಏನೂ ಓದದ ಸಹೃದಯಿಗೂ ನಡುವೆ ಯಾರಾದರೂ ಇರಲು ಸಾಧ್ಯವೆ? ಇದ್ದರೆ ಅವರಿಗೆ ಎಷ್ಟು ಕಾಲ, ಏನನ್ನು, ಎಲ್ಲಿ ಕಲಿಸಬೇಕು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು 1960ರ ದಶಕದಲ್ಲಿ ಒಂದು ಉತ್ತರವನ್ನು ಪ್ರಯೋಗಿಸಿ ನೋಡಿತು. ಶಾಲಾ ಶಿಕ್ಷಣ ಮುಗಿಸಿದವರಿಗೆ ಎರಡು ವರ್ಷದ ಕಾಲೇಜು ತರಬೇತಿ ನೀಡಿ ಮಾನಸಿಕ ಆರೋಗ್ಯ ಕಾರ್ಯಕರ್ತರನ್ನು ರೂಪಿಸುವುದೇ ಆ ಪ್ರಯೋಗ. ಅದು ಹುಟ್ಟಿದ ಬಗೆ, ಬೆಳೆದ ವೇಗ ಹಾಗೂ ಎದುರಿಸಿದ ಅಡಚಣೆಗಳು ನಮಗೂ ಪಾಠವಾಗಬಲ್ಲವು.

ಐದೂವರೆ ಲಕ್ಷ ಹಾಸಿಗೆಗಳು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಮನೋರೋಗದ ಚಿಕಿತ್ಸೆ ಎಂದರೆ ಬಹುಮಟ್ಟಿಗೆ ಊರ ಹೊರಗಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಒಳಗೆ ಹೋದವರು ಹೊರಗೆ ಬರುವುದು ಅಪರೂಪವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಆಸ್ಪತ್ರೆಗಳ ನಿಜಸ್ಥಿತಿ ಬಯಲಾಯಿತು. ಧಾರ್ಮಿಕ ಇಲ್ಲವೆ ನೈತಿಕ ಕಾರಣಗಳಿಂದ ಶಸ್ತ್ರ ಹಿಡಿಯಲು ಒಪ್ಪದ ಸುಮಾರು 3,000 ಯುವಕರನ್ನು ಸರ್ಕಾರ ಮಾನಸಿಕ ಆಸ್ಪತ್ರೆಗಳಲ್ಲಿ ಸಹಾಯಕರಾಗಿ ದುಡಿಯಲು ಕಳುಹಿಸಿತ್ತು. ತಾವು ಕಂಡ ಕಿಕ್ಕಿರಿದ ವಾರ್ಡುಗಳು, ಹೊಡೆತ, ಕೊಳಕು ಇವುಗಳನ್ನು ಅವರು ಬರೆದಿಟ್ಟರು. ಆ ವರದಿಗಳನ್ನು ಆಧರಿಸಿ 1946ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆ ಪ್ರಕಟಿಸಿದ ಚಿತ್ರಲೇಖನ ದೇಶದ ಆತ್ಮಸಾಕ್ಷಿಯನ್ನು ಕಲಕಿತು.

ಅದೇ ವರ್ಷ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾಯಿದೆ ಬಂತು. 1949ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಈ ಸಂಸ್ಥೆಯ ಮೊದಲ ಗುರಿಗಳಲ್ಲಿ ತಜ್ಞರ ತರಬೇತಿಯೂ ಒಂದು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ದಾದಿಯರು ಎಂಬ ನಾಲ್ಕು ವೃತ್ತಿಗಳಿಗೆ ಅದು ವಿದ್ಯಾರ್ಥಿವೇತನ ನೀಡಿತು. ಇವರ ಸಂಖ್ಯೆ ಏರಿತಾದರೂ ಅಗತ್ಯ ಅದಕ್ಕಿಂತ ವೇಗವಾಗಿ ಏರಿತು. 1955ರಲ್ಲಿ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಸಂಖ್ಯೆ ಸುಮಾರು 5 ಲಕ್ಷ 59 ಸಾವಿರ. ಇವರನ್ನು ದಿನದ ಇಪ್ಪತ್ನಾಲ್ಕು ಗಂಟೆ ನೋಡಿಕೊಳ್ಳುತ್ತಿದ್ದವರು ಈ ನಾಲ್ಕು ವೃತ್ತಿಗಳವರಲ್ಲ. ಕಡಿಮೆ ಸಂಬಳದ, ತರಬೇತಿ ಇಲ್ಲದ ವಾರ್ಡು ಸಹಾಯಕರು. ರೋಗಿ ವೈದ್ಯರನ್ನು ಕಾಣುತ್ತಿದ್ದದ್ದು ಕೆಲವೇ ನಿಮಿಷ, ಸಹಾಯಕರನ್ನು ದಿನವಿಡೀ. ಚಿಕಿತ್ಸೆಯ ಗುಣಮಟ್ಟವನ್ನು ವಾಸ್ತವವಾಗಿ ನಿರ್ಧರಿಸುತ್ತಿದ್ದವರ ಶಿಕ್ಷಣದ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಲೆಕ್ಕ ಎತ್ತಿ ತೋರಿಸಿದ ಕೊರತೆ

1955ರಲ್ಲಿ ಅಮೆರಿಕದ ಸಂಸತ್ತು ಮಾನಸಿಕ ಆರೋಗ್ಯದ ಸಮಗ್ರ ಅಧ್ಯಯನಕ್ಕೆ ಕಾನೂನು ಮಾಡಿತು. ಅದರಂತೆ ಒಂದು ಜಂಟಿ ಆಯೋಗ ಕೆಲಸಕ್ಕೆ ತೊಡಗಿತು. ಆಯೋಗಕ್ಕಾಗಿ ಮಾನವ ಸಂಪನ್ಮೂಲದ ಅಧ್ಯಯನ ನಡೆಸಿದವರು ಮನಶ್ಶಾಸ್ತ್ರಜ್ಞ ಜಾರ್ಜ್ ಆಲ್ಬೀ. 1959ರಲ್ಲಿ ಪ್ರಕಟವಾದ ಅವರ ಗ್ರಂಥದ ತೀರ್ಮಾನ ಕಟುವಾಗಿತ್ತು: ಜನಸಂಖ್ಯೆ ಬೆಳೆಯುತ್ತಿರುವ ರೀತಿ ಹಾಗೂ ವಿಶ್ವವಿದ್ಯಾನಿಲಯಗಳಿಂದ ತಜ್ಞರು ಹೊರಬರುತ್ತಿರುವ ರೀತಿಯನ್ನು ನೋಡಿದರೆ ಈ ಕೊರತೆ ಸದ್ಯದ ಭವಿಷ್ಯದಲ್ಲಿ ನೀಗುವಂಥದಲ್ಲ.

ಇದರ ಹಿಂದಿನ ಗಣಿತ ಸರಳ. ಅಮೆರಿಕದಲ್ಲಿ ಮನೋವೈದ್ಯನಾಗಲು ಶಾಲೆಯ ನಂತರ ನಾಲ್ಕು ವರ್ಷ ಕಾಲೇಜು, ನಾಲ್ಕು ವರ್ಷ ವೈದ್ಯಕೀಯ ಶಿಕ್ಷಣ, ಅದರ ಮೇಲೆ ಮತ್ತೆ ಸುಮಾರು ನಾಲ್ಕು ವರ್ಷ ಆಸ್ಪತ್ರೆಯ ತರಬೇತಿ ಬೇಕಿತ್ತು. ಇಂದು ಒಬ್ಬ ವಿದ್ಯಾರ್ಥಿಯನ್ನು ಹೆಚ್ಚಿಗೆ ಸೇರಿಸಿಕೊಂಡರೆ ಅದರ ಫಲ ಹನ್ನೆರಡು ವರ್ಷಗಳ ನಂತರ. ಉದ್ದವಾದ ಕೊಳವೆಯ ಒಂದು ತುದಿಯಲ್ಲಿ ನಲ್ಲಿ ತಿರುಗಿಸಿದರೆ ಇನ್ನೊಂದು ತುದಿಯಲ್ಲಿ ನೀರು ಕಾಣಲು ಕಾಯಬೇಕಲ್ಲವೆ? ಅಷ್ಟರಲ್ಲಿ ಬಾಯಾರಿದವರ ಸಂಖ್ಯೆಯೂ ಬೆಳೆದಿರುತ್ತದೆ.

ಆಯೋಗದ ಅಂತಿಮ ವರದಿ 1961ರಲ್ಲಿ ಹೊರಬಂತು. ವೈದ್ಯರಲ್ಲದವರೂ, ಸೂಕ್ತ ಮನೋಧರ್ಮ ಮತ್ತು ತರಬೇತಿ ಇದ್ದರೆ, ಸಮಾಲೋಚನೆಯ ಹಾಗೂ ಅಲ್ಪಾವಧಿ ಮನೋಚಿಕಿತ್ಸೆಯ ಕೆಲಸವನ್ನು ಮಾಡಬಹುದು ಎಂಬ ಸಲಹೆ ಅದರಲ್ಲಿತ್ತು. ಈ ವೇಳೆಗೆ ಆಸ್ಪತ್ರೆಗಳಲ್ಲೂ ಬದಲಾವಣೆ ಆರಂಭವಾಗಿತ್ತು. 1954ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯಿಂದ ತೀವ್ರ ಮನೋರೋಗಿಗಳಲ್ಲಿ ಅನೇಕರು ಮನೆಗೆ ಮರಳುವಷ್ಟು ಶಾಂತರಾದರು. ಮನೆಗೆ ಮರಳಿದವರನ್ನು ನೋಡಿಕೊಳ್ಳುವವರು ಯಾರು ಎಂಬ ಹೊಸ ಪ್ರಶ್ನೆ ಎದ್ದಿತು.

ಎಂಟು ಮಹಿಳೆಯರ ಪ್ರಯೋಗ

ಕಡಿಮೆ ಅವಧಿಯ ತರಬೇತಿ ಸಾಕಾಗಬಹುದೆ ಎಂಬುದನ್ನು ಊಹೆಗೆ ಬಿಡದೆ ಪರೀಕ್ಷಿಸಿದವರಲ್ಲಿ ಮಾರ್ಗರೆಟ್ ರಿಯೋಕ್ ಮೊದಲಿಗರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1960ರಲ್ಲಿ ಅವರು ಎಂಟು ಮಹಿಳೆಯರನ್ನು ಆರಿಸಿಕೊಂಡರು. ಇವರೆಲ್ಲ ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದ, ವಿದ್ಯಾವಂತರಾದ, ಬದುಕಿನ ನಡುವಯಸ್ಸಿನಲ್ಲಿದ್ದ ಗೃಹಿಣಿಯರು. ಎರಡು ವರ್ಷಗಳ ಅರೆಕಾಲಿಕ ತರಬೇತಿಯಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸಕ್ಕೆ ಹೆಚ್ಚಿನ ಒತ್ತು. ರೋಗಿಯೊಡನೆ ಮಾತನಾಡುವುದು, ಅದರ ಧ್ವನಿಮುದ್ರಣವನ್ನು ಮೇಲ್ವಿಚಾರಕರೊಡನೆ ಕೇಳುವುದು, ಎಲ್ಲಿ ತಪ್ಪಿದೆ ಎಂದು ಚರ್ಚಿಸುವುದು: ಇದೇ ಪಾಠ.

ಮೌಲ್ಯಮಾಪನದ ವಿಧಾನವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಸಂದರ್ಶನಗಳ ಧ್ವನಿಮುದ್ರಿಕೆಗಳನ್ನು ಹೊರಗಿನ ತಜ್ಞರಿಗೆ ಕೇಳಿಸಿ, ಮಾತನಾಡಿದವರು ಯಾರೆಂದು ಹೇಳದೆ, ಅಂಕ ಕೊಡಲು ಕೋರಲಾಯಿತು. ಮಹಿಳೆಯರ ಕೆಲಸ ಉತ್ತಮ ಮಟ್ಟದ್ದೆಂದು ಕಂಡುಬಂತು. 1963ರಲ್ಲಿ ಇದರ ವರದಿ ಪ್ರಕಟವಾಯಿತು. ಎಂಟು ಜನರ ಪ್ರಯೋಗದಿಂದ ಸಾಮಾನ್ಯ ನಿಯಮವನ್ನು ಹೇಳಲಾಗದು. ಇವರು ಬಹಳ ಎಚ್ಚರಿಕೆಯಿಂದ ಆರಿಸಲ್ಪಟ್ಟವರು ಎಂಬುದೂ ನಿಜ. ಆದರೆ ಸುದೀರ್ಘ ವೈದ್ಯಕೀಯ ಶಿಕ್ಷಣವಿಲ್ಲದೆ ಈ ಕೆಲಸ ಅಸಾಧ್ಯ ಎಂಬ ಮಾತಿಗೆ ಒಂದು ಪ್ರತ್ಯುದಾಹರಣೆ ಸಿಕ್ಕಂತಾಯಿತು.

ಕೆನಡಿಯವರ ಕಾಯಿದೆ

1963ರ ಫೆಬ್ರವರಿ 5ರಂದು ಅಧ್ಯಕ್ಷ ಜಾನ್ ಕೆನಡಿ ಮನೋರೋಗ ಮತ್ತು ಬುದ್ಧಿಮಾಂದ್ಯತೆಯ ಬಗ್ಗೆ ಸಂಸತ್ತಿಗೆ ವಿಶೇಷ ಸಂದೇಶ ಕಳುಹಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯಿದೆಗೆ ಸಹಿ ಹಾಕಿದರು. ದೂರದ ದೊಡ್ಡ ಆಸ್ಪತ್ರೆಗಳ ಬದಲು ಜನರ ನಡುವೆಯೇ ಕೇಂದ್ರಗಳನ್ನು ಕಟ್ಟಬೇಕು ಎಂಬುದು ಅದರ ಆಶಯ. ಪ್ರತಿ ಕೇಂದ್ರದ ವ್ಯಾಪ್ತಿ 75 ಸಾವಿರದಿಂದ 2 ಲಕ್ಷ ಜನ. ಒಳರೋಗಿ ವಿಭಾಗ, ಹೊರರೋಗಿ ವಿಭಾಗ, ಹಗಲು ಆರೈಕೆ, ದಿನವಿಡೀ ತುರ್ತುಸೇವೆ, ಸಮುದಾಯಕ್ಕೆ ಸಲಹೆ ಮತ್ತು ಶಿಕ್ಷಣ ಎಂಬ ಐದು ಸೇವೆಗಳು ಕಡ್ಡಾಯ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಆಗ ಅಮೆರಿಕದ ಜನಸಂಖ್ಯೆ ಸುಮಾರು 19 ಕೋಟಿ. ಕೇಂದ್ರವೊಂದಕ್ಕೆ ಸರಾಸರಿ ಒಂದೂಕಾಲು ಲಕ್ಷ ಜನ ಎಂದರೆ ಸುಮಾರು 1,500 ಕೇಂದ್ರಗಳು ಬೇಕು. ಐದು ಸೇವೆಗಳಲ್ಲಿ ತುರ್ತುಸೇವೆಯೊಂದನ್ನೇ ತೆಗೆದುಕೊಳ್ಳಿ. ವಾರಕ್ಕೆ 168 ಗಂಟೆ. ಒಬ್ಬರ ಕೆಲಸ ವಾರಕ್ಕೆ 40 ಗಂಟೆ. ಒಂದೇ ಒಂದು ಕುರ್ಚಿಯನ್ನು ಹಗಲೂ ರಾತ್ರಿ ತುಂಬಲು ನಾಲ್ಕಕ್ಕಿಂತ ಹೆಚ್ಚು, ರಜೆಗಳನ್ನು ಸೇರಿಸಿದರೆ ಐದು ಜನ ಬೇಕು. ಅಂದರೆ ದೇಶಾದ್ಯಂತ ಆ ಒಂದು ಕುರ್ಚಿಗೇ 7,500 ಜನ! ಕಟ್ಟಡಕ್ಕೆ ಹಣ ಕೊಟ್ಟರೆ ಸಾಲದು ಎಂಬುದು ಬೇಗ ಅರಿವಾಯಿತು. 1965ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಸಿಬ್ಬಂದಿಗಾಗಿಯೂ ಅನುದಾನ ಒದಗಿಸಲಾಯಿತು. ಹಣ ಬಂತು, ಜನ ಎಲ್ಲಿಂದ ಬರಬೇಕು?

ಎರಡು ವರ್ಷದ ಕಾಲೇಜು ಎಂದರೇನು?

ನಮ್ಮಲ್ಲಿ ಜೂನಿಯರ್ ಕಾಲೇಜು ಎಂದರೆ ಪಿ.ಯು.ಸಿ. ಅಮೆರಿಕದ ಜೂನಿಯರ್ ಕಾಲೇಜು ಅದಲ್ಲ. ಅಲ್ಲಿ ಹನ್ನೆರಡು ವರ್ಷದ ಶಾಲೆ ಮುಗಿದ ಮೇಲೆ ಎರಡು ವರ್ಷ ಓದಿ 'ಅಸೋಸಿಯೇಟ್' ಪದವಿ ಪಡೆಯಬಹುದು. ಬಯಸಿದರೆ ಮತ್ತೆರಡು ವರ್ಷ ಓದಿ ಪೂರ್ಣ ಪದವೀಧರರಾಗಬಹುದು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಕಾಲೇಜು ಈ ಬಗೆಯ ಸಾರ್ವಜನಿಕ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು 1947ರಲ್ಲಿ ಇಂಥ ಕಾಲೇಜುಗಳನ್ನು ದೇಶದೆಲ್ಲೆಡೆ ತೆರೆಯಬೇಕೆಂದು ಸೂಚಿಸಿತು. 1960ರ ದಶಕದಲ್ಲಿ ಹೊಸ ಸಮುದಾಯ ಕಾಲೇಜುಗಳು ಹೆಚ್ಚುಕಡಿಮೆ ವಾರಕ್ಕೊಂದರಂತೆ ತೆರೆದವು. ಶುಲ್ಕ ಕಡಿಮೆ, ಮನೆಗೆ ಹತ್ತಿರ, ಸಂಜೆ ತರಗತಿಗಳ ಸೌಲಭ್ಯ. ಕೆಲಸ ಮಾಡುತ್ತಲೇ ಓದುವವರಿಗೆ, ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇವು ಅನುಕೂಲವಾದವು.

ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೊಂದು ಪೂರ್ವನಿದರ್ಶನವೂ ಇತ್ತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಮಿಲ್ಡ್ರೆಡ್ ಮಾಂಟ್ಯಾಗ್ ಅವರು 1951ರ ತಮ್ಮ ಸಂಶೋಧನೆಯಲ್ಲಿ ಎರಡು ವರ್ಷದ ದಾದಿ ಶಿಕ್ಷಣವನ್ನು ಪ್ರತಿಪಾದಿಸಿದ್ದರು. 1952ರಲ್ಲಿ ಅದರ ಪ್ರಯೋಗ ಆರಂಭವಾಗಿ ಯಶಸ್ವಿಯಾಗಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುತ್ತ ಕಲಿಯುವ ಹಳೆಯ ಪದ್ಧತಿಯ ಬದಲು ಕಾಲೇಜಿನಲ್ಲಿ ಓದಿ, ಆಸ್ಪತ್ರೆಯಲ್ಲಿ ಅಭ್ಯಾಸ ಮಾಡುವ ಪದ್ಧತಿ ಅದು. ಅದೇ ಅಚ್ಚನ್ನು ಮಾನಸಿಕ ಆರೋಗ್ಯಕ್ಕೂ ಬಳಸಬಾರದೇಕೆ?

ಫೋರ್ಟ್ ವೇನ್, 1966

ಮೊದಲ ಹೆಜ್ಜೆ ಇಟ್ಟದ್ದು ಇಂಡಿಯಾನ ರಾಜ್ಯದ ಫೋರ್ಟ್ ವೇನ್ ನಗರದಲ್ಲಿದ್ದ ಪರ್ಡ್ಯೂ ವಿಶ್ವವಿದ್ಯಾನಿಲಯದ ಶಾಖೆ. ಜಾನ್ ಟ್ರೂ ಎಂಬ ಮನಶ್ಶಾಸ್ತ್ರಜ್ಞರ ನೇತೃತ್ವದಲ್ಲಿ, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಅನುದಾನದಿಂದ, ಎರಡು ವರ್ಷದ ಮಾನಸಿಕ ಆರೋಗ್ಯ ತಂತ್ರಜ್ಞರ ಕೋರ್ಸು ಸಿದ್ಧವಾಯಿತು. 1966ರಲ್ಲಿ ಮೊದಲ ತಂಡ ಸೇರಿತು. 1968ರಲ್ಲಿ ಪದವಿ ಪಡೆದು ಹೊರಬಂತು.

ಇಂಥ ಕೋರ್ಸುಗಳ ಸಾಮಾನ್ಯ ಸ್ವರೂಪ ಹೀಗಿತ್ತು. ಸುಮಾರು ಅರ್ಧದಷ್ಟು ಸಾಮಾನ್ಯ ಶಿಕ್ಷಣ: ಭಾಷೆ, ಜೀವವಿಜ್ಞಾನ, ಸಮಾಜಶಾಸ್ತ್ರ, ಮನಶ್ಶಾಸ್ತ್ರ. ಉಳಿದರ್ಧ ವೃತ್ತಿಯ ವಿಷಯಗಳು: ಸಂದರ್ಶನ ನಡೆಸುವ ಕ್ರಮ, ವರ್ತನೆಯನ್ನು ವೀಕ್ಷಿಸಿ ದಾಖಲಿಸುವುದು, ಗುಂಪಿನೊಡನೆ ಕೆಲಸ ಮಾಡುವುದು, ವರ್ತನೆ ಬದಲಾವಣೆಯ ತತ್ತ್ವಗಳು, ಸ್ಥಳೀಯವಾಗಿ ದೊರೆಯುವ ಸೇವೆಗಳ ಪರಿಚಯ. ಇವುಗಳ ಜೊತೆಗೆ ಮಾನಸಿಕ ಆಸ್ಪತ್ರೆ, ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆ ಮುಂತಾದೆಡೆ ಕ್ಷೇತ್ರ ತರಬೇತಿ. ಪ್ರಯೋಗಶಾಲೆಯಿಲ್ಲದೆ ಭೌತಶಾಸ್ತ್ರ ಕಲಿಸಲಾಗದು. ಇವರಿಗೆ ಆ ಸಂಸ್ಥೆಗಳೇ ಪ್ರಯೋಗಶಾಲೆ. ಅಲ್ಲಿ ಕೈಗೆ ಸಿಗುವುದು ಉಪಕರಣವಲ್ಲ, ಸಂಕಟದಲ್ಲಿರುವ ಮನುಷ್ಯ. ಆದ್ದರಿಂದ ಮೇಲ್ವಿಚಾರಣೆ ಹೆಚ್ಚು ಬಿಗಿಯಾಗಿರಬೇಕಿತ್ತು.

ಈ ಕೋರ್ಸಿನ ಮುಖ್ಯ ಕಲ್ಪನೆ 'ಬಹುಮುಖಿ ಕಾರ್ಯಕರ್ತ' ಎಂಬುದು. ಮನೋವೈದ್ಯನ ಸಹಾಯಕ, ಸಮಾಜ ಕಾರ್ಯಕರ್ತನ ಸಹಾಯಕ ಎಂದು ಒಂದೊಂದು ವೃತ್ತಿಯ ಬಾಲವಾಗಿ ಅಲ್ಲ. ರೋಗಿಯ ಒಟ್ಟು ಬದುಕಿಗೆ ಸಂಬಂಧಿಸಿದಂತೆ ಹಲವು ಕೆಲಸಗಳನ್ನು ಮಾಡಬಲ್ಲ ಸ್ವತಂತ್ರ ವೃತ್ತಿಯವನಾಗಿ ಅವನನ್ನು ರೂಪಿಸಬೇಕೆಂಬ ವಿಚಾರ. ಶರಾವತಿಯಲ್ಲಿ ಹುಟ್ಟಿದ ವಿದ್ಯುತ್ತು ಎತ್ತರದ ವೋಲ್ಟೇಜಿನಲ್ಲಿ ದೂರ ಸಾಗಿ ಬರುತ್ತದೆ. ಅದನ್ನು ನೇರವಾಗಿ ಮನೆಯ ಬಲ್ಬಿಗೆ ಜೋಡಿಸಲಾಗದು. ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ತಜ್ಞರ ಜ್ಞಾನಕ್ಕೂ ರೋಗಿಯ ಅಡುಗೆಮನೆಗೂ ನಡುವೆ ಈ ಕಾರ್ಯಕರ್ತರದು ಅಂಥದೇ ಪಾತ್ರ.

ಹದಿಮೂರು ಪಾತ್ರಗಳು

ಫೋರ್ಟ್ ವೇನ್ ಮಾದರಿ ಬೇಗ ಹಬ್ಬಿತು. ಹಬ್ಬಲು ಮುಖ್ಯ ಕಾರಣ ಅಟ್ಲಾಂಟದಲ್ಲಿದ್ದ ದಕ್ಷಿಣ ಪ್ರಾದೇಶಿಕ ಶಿಕ್ಷಣ ಮಂಡಳಿ. ಅಲ್ಲಿನ ಮನೋವೈದ್ಯ ಹೆರಾಲ್ಡ್ ಮ್ಯಾಕ್‌ಫೀಟರ್ಸ್ ದಕ್ಷಿಣ ರಾಜ್ಯಗಳ ಕಾಲೇಜುಗಳು ಇಂಥ ಕೋರ್ಸು ತೆರೆಯಲು ನೆರವಾದರು. ಅಧ್ಯಾಪಕರ ಸಮ್ಮೇಳನಗಳನ್ನು ನಡೆಸಿದರು. ಅದಕ್ಕಿಂತ ಮುಖ್ಯವಾದದ್ದು, ಈ ಪದವೀಧರರು ನಿಖರವಾಗಿ ಮಾಡಬೇಕಾದದ್ದೇನು ಎಂಬ ಪ್ರಶ್ನೆಗೆ ಮಂಡಳಿ ಹುಡುಕಿದ ಉತ್ತರ.

ಹೊಸ ಹುದ್ದೆಯೊಂದನ್ನು ರೂಪಿಸಲು ಎರಡು ದಾರಿಗಳಿವೆ. ಮೊದಲನೆಯದು ತಜ್ಞರ ಕೆಲಸವನ್ನು ತುಂಡು ಮಾಡಿ, ಸುಲಭವಾದ ತುಂಡುಗಳನ್ನು ಕೆಳಗಿನವರಿಗೆ ಕೊಡುವುದು. ಇದು ಕಾರ್ಖಾನೆಯ ದಾರಿ. ಇದರಲ್ಲಿ ಕೆಳಗಿನವನ ಕೆಲಸ ನೀರಸವಾಗುತ್ತದೆ. ರೋಗಿ ಹಲವು ಕೈಗಳ ನಡುವೆ ಹಂಚಿಹೋಗುತ್ತಾನೆ. ಎರಡನೆಯದು ರೋಗಿಗೆ, ಅವನ ಕುಟುಂಬಕ್ಕೆ, ಸಮಾಜಕ್ಕೆ ಏನು ಬೇಕು ಎಂದು ಮೊದಲು ಪಟ್ಟಿ ಮಾಡಿ, ಅದರಿಂದ ಕೆಲಸಗಳನ್ನು ಹೊಸದಾಗಿ ರೂಪಿಸುವುದು. ಮಂಡಳಿ ಎರಡನೆಯದನ್ನು ಆರಿಸಿಕೊಂಡಿತು.

ಹಾಗೆ ಹೊರಟಾಗ ಹದಿಮೂರು ಪಾತ್ರಗಳು ದೊರೆತವು: ಕಷ್ಟದಲ್ಲಿರುವವರನ್ನು ಹುಡುಕಿ ಹೋಗುವವ, ಸೇವೆ ಸಿಗುವಲ್ಲಿಗೆ ತಲುಪಿಸುವವ, ಅವರ ಹಕ್ಕಿಗಾಗಿ ವಾದಿಸುವವ, ಅಗತ್ಯಗಳನ್ನು ಅಂದಾಜು ಮಾಡುವವ, ಕಲಿಸುವವ, ವರ್ತನೆ ಬದಲಿಸಲು ನೆರವಾಗುವವ, ಜನರನ್ನು ಸಂಘಟಿಸುವವ, ಸಲಹೆಗಾರ, ಸಮುದಾಯ ಯೋಜಕ, ಆರೈಕೆ ಮಾಡುವವ, ಮಾಹಿತಿ ನಿರ್ವಾಹಕ, ಆಡಳಿತಗಾರ, ತಜ್ಞನ ಸಹಾಯಕ. ತಜ್ಞನ ಸಹಾಯಕ ಎಂಬುದು ಹದಿಮೂರರಲ್ಲಿ ಒಂದು ಮಾತ್ರ ಎಂಬುದು ಗಮನಾರ್ಹ. ಇದರೊಡನೆ ನಾಲ್ಕು ಹಂತಗಳೂ ನಿಗದಿಯಾದವು. ಅಲ್ಪಾವಧಿ ತರಬೇತಿಯವರು ಮೊದಲ ಹಂತ, ಎರಡು ವರ್ಷದ ಪದವೀಧರರು ಎರಡನೆಯದು, ನಾಲ್ಕು ವರ್ಷದವರು ಮೂರನೆಯದು, ಸ್ನಾತಕೋತ್ತರ ತಜ್ಞರು ನಾಲ್ಕನೆಯದು. ಕೆಳಗಿನ ಹಂತದವರು ಓದಿ ಮೇಲಕ್ಕೆ ಏರಬಹುದಾದ ಏಣಿ ಇದು.

1966ರಲ್ಲಿ ಒಂದೇ ಆಗಿದ್ದ ಈ ಬಗೆಯ ಕೋರ್ಸುಗಳ ಸಂಖ್ಯೆ ಎಪ್ಪತ್ತರ ದಶಕದ ಮಧ್ಯಭಾಗದ ವೇಳೆಗೆ ನೂರನ್ನು ದಾಟಿತ್ತು. 1975ರಲ್ಲಿ ಈ ಕ್ಷೇತ್ರದ ಅಧ್ಯಾಪಕರ ರಾಷ್ಟ್ರೀಯ ಸಂಘಟನೆ ಹುಟ್ಟಿತು. 1979ರಲ್ಲಿ ಪಠ್ಯಕ್ರಮದ ಗುಣಮಟ್ಟ ನಿಗದಿಪಡಿಸುವ ಪರಿಷತ್ತು ಸ್ಥಾಪನೆಯಾಯಿತು. ಅಷ್ಟರಲ್ಲಿ 'ಮಾನಸಿಕ ಆರೋಗ್ಯ ತಂತ್ರಜ್ಞ' ಎಂಬ ಹೆಸರು ಹಿಂದೆ ಸರಿದು 'ಮಾನವ ಸೇವೆಗಳು' ಎಂಬ ವಿಶಾಲ ಹೆಸರು ರೂಢಿಗೆ ಬಂದಿತ್ತು.

ಏಣಿ ಮತ್ತು ಅದರ ಮುರಿದ ಮೆಟ್ಟಿಲು

ಈ ಬೆಳವಣಿಗೆಗೆ ಇನ್ನೊಂದು ಸೆಲೆಯೂ ಇತ್ತು: ಬಡತನದ ವಿರುದ್ಧದ ಹೋರಾಟ. 1964ರ ಆರ್ಥಿಕ ಅವಕಾಶ ಕಾಯಿದೆಯ ನಂತರ, ಬಡವರಿಗೆ ನೆರವಾಗುವ ಸೇವೆಗಳಲ್ಲಿ ಬಡವರನ್ನೇ ಏಕೆ ನೇಮಿಸಬಾರದು ಎಂಬ ಪ್ರಶ್ನೆ ಎದ್ದಿತು. 1965ರಲ್ಲಿ ಆರ್ಥರ್ ಪರ್ಲ್ ಮತ್ತು ಫ್ರ್ಯಾಂಕ್ ರೀಸ್‌ಮನ್ ಅವರು ಬಡವರಿಗಾಗಿ ಹೊಸ ವೃತ್ತಿಗಳು ಎಂಬ ವಿಚಾರವನ್ನು ಪುಸ್ತಕರೂಪದಲ್ಲಿ ಮುಂದಿಟ್ಟರು. ಮೊದಲು ಕೆಲಸ, ಜೊತೆಜೊತೆಗೆ ಓದು, ಓದಿದಂತೆ ಬಡ್ತಿ ಎಂಬುದು ಅದರ ಸಾರ. ನ್ಯೂಯಾರ್ಕಿನಲ್ಲಿ ಆಡ್ರಿ ಕೊಹೆನ್ 1964ರಲ್ಲಿ ಆರಂಭಿಸಿದ ಮಹಿಳೆಯರ ತರಬೇತಿ ಸಂಸ್ಥೆ 1970ರಲ್ಲಿ ಎರಡು ವರ್ಷದ ಪದವಿ ನೀಡುವ ಕಾಲೇಜಾಯಿತು.

ಆದರೆ ಏಣಿಯನ್ನು ಕಾಗದದ ಮೇಲೆ ಬರೆಯುವುದು ಸುಲಭ, ಸಂಬಳದ ಪಟ್ಟಿಯಲ್ಲಿ ಬರೆಯುವುದು ಕಷ್ಟ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಲಿಂಕನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವು ಬೀದಿ ಬದಿಯ ಅಂಗಡಿ ಮಳಿಗೆಗಳಲ್ಲಿ ನೆರೆಹೊರೆಯ ಸೇವಾಕೇಂದ್ರಗಳನ್ನು ತೆರೆದು, ಆ ಬೀದಿಗಳ ಜನರನ್ನೇ ಕಾರ್ಯಕರ್ತರನ್ನಾಗಿ ನೇಮಿಸಿತ್ತು. ದೇಶವೇ ಮೆಚ್ಚಿದ ಈ ಕೇಂದ್ರದಲ್ಲಿ 1969ರ ಮಾರ್ಚ್‌ನಲ್ಲಿ ಕಾರ್ಯಕರ್ತರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಮುಷ್ಕರ ಹೂಡಿದರು. ರೋಗಿಗಳನ್ನು ಹೆಚ್ಚು ಬಲ್ಲವರು ನಾವು. ತೀರ್ಮಾನಗಳಲ್ಲಿ ನಮ್ಮ ಪಾಲೇನು, ನಮ್ಮ ಬಡ್ತಿಯ ದಾರಿ ಯಾವುದು ಎಂಬುದು ಅವರ ಪ್ರಶ್ನೆಗಳ ತಿರುಳು.

ಕಾಲೇಜಿನಿಂದ ಹೊರಬಂದವರ ಅನುಭವವೂ ಅನೇಕ ಕಡೆ ಇದಕ್ಕೆ ಹತ್ತಿರವಾಗಿತ್ತು. ಅವರಿಗಾಗಿ ಪ್ರತ್ಯೇಕ ಹುದ್ದೆ ಸೃಷ್ಟಿಸಿದ ರಾಜ್ಯಗಳಲ್ಲಿ ಸ್ಥಿತಿ ಪರವಾಗಿಲ್ಲ. ಸೃಷ್ಟಿಸದ ಕಡೆ, ಎರಡು ವರ್ಷ ಓದಿ ಬಂದವರೂ ಹಳೆಯ ವಾರ್ಡು ಸಹಾಯಕರ ಹುದ್ದೆಗೆ, ಅದೇ ಸಂಬಳಕ್ಕೆ ಸೇರಬೇಕಾಯಿತು. ದಾದಿಯರಿಗೂ ಸಮಾಜ ಕಾರ್ಯಕರ್ತರಿಗೂ ಈ ಹೊಸಬರು ತಮ್ಮ ಎಲ್ಲೆಯೊಳಗೆ ಬಂದರೆಂಬ ಅಸಮಾಧಾನ. ಕೋರ್ಸು ತೆರೆಯುವುದಕ್ಕೆ ಮೊದಲು ಹುದ್ದೆ ತೆರೆಯಬೇಕು ಎಂಬ ಪಾಠವನ್ನು ಕಾಲೇಜುಗಳು ಕಲಿತದ್ದು ತಡವಾಗಿ.

ಅಳತೆ ಏನು ಹೇಳಿತು?

ಇಂಥ ಕಾರ್ಯಕರ್ತರಿಂದ ರೋಗಿಗಳಿಗೆ ನಿಜವಾಗಿ ಪ್ರಯೋಜನವಾಯಿತೆ? 1979ರಲ್ಲಿ ಜೋಸೆಫ್ ಡರ್ಲಾಕ್ ತಜ್ಞರನ್ನೂ ತಜ್ಞರಲ್ಲದವರನ್ನೂ ಹೋಲಿಸಿದ 42 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ತಜ್ಞರಲ್ಲದವರ ಫಲಿತಾಂಶಗಳು ಒಟ್ಟಾರೆ ತಜ್ಞರಿಗೆ ಸಮ, ಕೆಲವೆಡೆ ಮೇಲು ಎಂಬ ಅವರ ತೀರ್ಮಾನ ಕೋಲಾಹಲ ಎಬ್ಬಿಸಿತು. 1981ರಲ್ಲಿ ಇತರ ಸಂಶೋಧಕರು ಆಕ್ಷೇಪಿಸಿದರು: ಅನೇಕ ಅಧ್ಯಯನಗಳ ರಚನೆ ದುರ್ಬಲವಾಗಿದೆ, 'ತಜ್ಞ' ಎಂಬ ಪದದ ವ್ಯಾಖ್ಯೆಯೇ ಒಂದೊಂದು ಕಡೆ ಒಂದೊಂದು ರೀತಿ. ಈ ಆಕ್ಷೇಪಗಳಲ್ಲಿ ಹುರುಳಿತ್ತು.

ಅಧ್ಯಾಪಕರಿಗೆ ಇನ್ನೊಂದು ಅಧ್ಯಯನ ಕುತೂಹಲಕರ. 1979ರಲ್ಲಿಯೇ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಹ್ಯಾನ್ಸ್ ಸ್ಟ್ರಪ್ ಮತ್ತು ಸುಜಾನ್ ಹ್ಯಾಡ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಖಿನ್ನತೆ, ಆತಂಕಗಳಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರನ್ನು ಅನುಭವಿ ಮನೋಚಿಕಿತ್ಸಕರ ಬಳಿಗೂ ಇನ್ನು ಕೆಲವರನ್ನು ಮನಶ್ಶಾಸ್ತ್ರದ ತರಬೇತಿಯೇ ಇಲ್ಲದ, ಆದರೆ ವಿದ್ಯಾರ್ಥಿಗಳೊಡನೆ ಆತ್ಮೀಯರೆಂದು ಹೆಸರಾದ ಪ್ರಾಧ್ಯಾಪಕರ ಬಳಿಗೂ ಕಳುಹಿಸಲಾಯಿತು. ಸರಾಸರಿ ಸುಧಾರಣೆ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಇದರಿಂದ ತರಬೇತಿ ವ್ಯರ್ಥ ಎಂದು ತೀರ್ಮಾನಿಸುವುದು ಅವಸರದ ಮಾತು. ಆ ಪ್ರಾಧ್ಯಾಪಕರು ಆಯ್ದವರು. ರೋಗ ತೀರ ಗಂಭೀರವಾದುದಲ್ಲ. ಸರಾಸರಿ ಎಂಬುದು ಒಳಗಿನ ವ್ಯತ್ಯಾಸಗಳನ್ನು ಮುಚ್ಚಿಡುತ್ತದೆ. ಇಷ್ಟು ಮಾತ್ರ ಹೇಳಬಹುದು: ಸರಿಯಾದ ವ್ಯಕ್ತಿಯನ್ನು ಆರಿಸುವುದು ಎಷ್ಟು ಮುಖ್ಯವೋ ಅವನಿಗೆ ತನ್ನ ಮಿತಿಯನ್ನು ಕಲಿಸುವುದೂ ಅಷ್ಟೇ ಮುಖ್ಯ. ಎರಡನೆಯ ಕೆಲಸಕ್ಕೆ ಶಿಕ್ಷಣ ಬೇಕೇಬೇಕು.

ಇಳಿಮುಖ

1980ರ ಹೊತ್ತಿಗೆ ರಾಜ್ಯಗಳ ಮಾನಸಿಕ ಆಸ್ಪತ್ರೆಗಳ ರೋಗಿಗಳ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಆದರೆ ಬೇಕಾಗಿದ್ದ 1,500ರಲ್ಲಿ ನೆರವು ದೊರೆತು ಆರಂಭವಾದ ಸಮುದಾಯ ಕೇಂದ್ರಗಳು ಸುಮಾರು ಅರ್ಧದಷ್ಟು ಮಾತ್ರ. ಆಸ್ಪತ್ರೆಯಿಂದ ಹೊರಬಂದ ಅನೇಕರು ಬೀದಿಗೆ ಬಿದ್ದರು, ಸೆರೆಮನೆ ಸೇರಿದರು. ಅವರನ್ನು ಹುಡುಕಿ ಹೋಗಬೇಕಾಗಿದ್ದ ಕಾರ್ಯಕರ್ತರೇ ಇಲ್ಲದಿದ್ದರೆ ಹೀಗಲ್ಲದೆ ಇನ್ನೇನಾದೀತು? 1981ರಲ್ಲಿ ಕೇಂದ್ರ ಸರ್ಕಾರ ನೇರ ಅನುದಾನವನ್ನು ಕೈಬಿಟ್ಟು, ಕಡಿಮೆಯಾದ ಮೊತ್ತವನ್ನು ರಾಜ್ಯಗಳಿಗೆ ಇಡಿಗಂಟಾಗಿ ಕೊಡುವ ಪದ್ಧತಿಗೆ ಹೊರಳಿತು. ಇನ್ನೊಂದು ಕಡೆ, 1976ರಲ್ಲಿ ವರ್ಜೀನಿಯ ರಾಜ್ಯದಿಂದ ಆರಂಭಿಸಿ ಒಂದೊಂದೇ ರಾಜ್ಯ ಆಪ್ತಸಲಹೆಗಾರರಿಗೆ ಪರವಾನಗಿ ಕಾನೂನು ತಂದಿತು. ಸ್ವತಂತ್ರವಾಗಿ ಕೆಲಸ ಮಾಡಲು ಸ್ನಾತಕೋತ್ತರ ಪದವಿ ಅನಿವಾರ್ಯವಾಯಿತು. ಎರಡು ವರ್ಷದ ಕೋರ್ಸುಗಳು ಅಳಿಯಲಿಲ್ಲ. 'ಮಾನವ ಸೇವೆಗಳು' ಎಂಬ ಹೆಸರಿನಲ್ಲಿ ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಇಂದಿಗೂ ನಡೆಯುತ್ತಿವೆ. ಆದರೆ ಅನೇಕರಿಗೆ ಅವು ಕೊನೆಯ ನಿಲ್ದಾಣವಲ್ಲ, ಮುಂದಿನ ಪದವಿಗೆ ಹೋಗುವ ಮೊದಲ ಮೆಟ್ಟಿಲು.

ನಮ್ಮ ನೆಲದಲ್ಲಿ

ಇದೇ ಕೊರತೆಯನ್ನು ಭಾರತ ಬೇರೆ ಬಗೆಯಲ್ಲಿ ಎದುರಿಸಿತು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಯಿತು. 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿಯೂ ಎರಡು ವರ್ಷದ ಕೋರ್ಸುಗಳು ಬಂದವು. ಆದರೆ ಅವು ಎಂ.ಎ. ನಂತರದ ಎರಡು ವರ್ಷ. ತಳಮಟ್ಟದಲ್ಲಿ ಮಾತ್ರ ನಮ್ಮ ಪ್ರಯೋಗ ದಿಟ್ಟವಾದುದು. ಎಪ್ಪತ್ತರ ದಶಕದ ಮಧ್ಯದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ಘಟಕವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಿರು ತರಬೇತಿ ನೀಡುವ ವಿಧಾನವನ್ನು ರೂಪಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಾದ್ಯಂತ ಈ ವಿಧಾನವನ್ನು ಪರೀಕ್ಷಿಸಲಾಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಇದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಆದರೂ ಕಂದಕ ತುಂಬಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ ಬಗೆಬಗೆಯ ಮಾನಸಿಕ ತೊಂದರೆಗಳಿರುವವರಲ್ಲಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದರು. 2010ರಲ್ಲಿ ಪ್ರಕಟವಾದ ಗೋವಾದ ಪ್ರಯೋಗವೊಂದು, ತರಬೇತಿ ಪಡೆದ ಸಾಮಾನ್ಯ ಆಪ್ತಸಲಹೆಗಾರರು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ, ಆತಂಕಗಳ ಚೇತರಿಕೆಗೆ ನೆರವಾಗಬಲ್ಲರೆಂದು ತೋರಿಸಿದೆ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ ಕರೆ ಮಾಡಬಹುದು.

ನಮ್ಮಲ್ಲಿ ಕೆಲವು ದಿನಗಳ ತರಬೇತಿಯ ಕಾರ್ಯಕರ್ತರಿದ್ದಾರೆ, ಉನ್ನತ ಶಿಕ್ಷಣದ ತಜ್ಞರಿದ್ದಾರೆ. ನಡುವಿನ ಮೆಟ್ಟಿಲು ತೆಳುವಾಗಿದೆ. ಅದನ್ನು ಕಟ್ಟುವುದಾದರೆ ಅಮೆರಿಕದ ಅನುಭವ ಮೂರು ಮಾತು ಹೇಳುತ್ತದೆ. ಕೋರ್ಸಿಗೆ ಮೊದಲು ಹುದ್ದೆ ಮತ್ತು ಸಂಬಳ ನಿಗದಿಯಾಗಲಿ. ತಜ್ಞರಿಗೆ ಏನು ಬೇಕು ಎಂಬುದರಿಂದಲ್ಲ, ರೋಗಿಗೆ ಏನು ಬೇಕು ಎಂಬುದರಿಂದ ಪಠ್ಯ ಆರಂಭವಾಗಲಿ. ಕೆಳಗಿನಿಂದ ಮೇಲಕ್ಕೆ ಏರಲು ದಾರಿ ತೆರೆದಿರಲಿ.

ವಿದ್ಯಾರ್ಥಿನಿಲಯದ ಆ ಅಡುಗೆಯವ ಈಗ ನಿವೃತ್ತ. ಅವನಲ್ಲಿದ್ದದ್ದನ್ನು ಯಾವ ಕಾಲೇಜೂ ಕಲಿಸಲಾರದು ಎಂದು ನಾನು ಬಹಳ ದಿನ ನಂಬಿದ್ದೆ. ಈ ಚರಿತ್ರೆಯನ್ನು ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಅವನಲ್ಲಿದ್ದದ್ದನ್ನು ಗುರುತಿಸಬಹುದು, ಅದಕ್ಕೆ ತಿಳಿವಳಿಕೆಯನ್ನು ಜೋಡಿಸಬಹುದು, ತಕ್ಕ ಸಂಬಳವನ್ನೂ ಕೊಡಬಹುದು. ನಮ್ಮ ಶಾಲೆ, ಕಾಲೇಜುಗಳ ಅಧ್ಯಾಪಕರು ಅಲ್ಲಿಯವರೆಗೆ ಮಾಡಬಹುದಾದದ್ದು ಇಷ್ಟು: ಊಟ ಬಿಟ್ಟ, ತರಗತಿ ಬಿಟ್ಟ ವಿದ್ಯಾರ್ಥಿಯನ್ನು ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಸುಮ್ಮನಾಗದೆ, ಅವನ ಕೋಣೆಯವರೆಗೆ ಒಮ್ಮೆ ನಡೆದುಹೋಗುವುದು.